ಬಾಗಿಲು ಇಟ್ಟ ಶುಕ್ರವಾರ

ಮನೆ ಕಟ್ಟಿಸಬೇಕೆಂದು ಬರುವವರು ಪ್ರಿಯಂವದಾಳ ಆಫೀಸಿನ ಮೆಟ್ಟಿಲು ಹತ್ತಿ ಕೂತ ಕೂಡಲೇ ಮಾಡುವ ಮೊದಲ ಕೆಲಸವೆಂದರೆ ಮೊಬೈಲು ತೆಗೆದು ಒಂದು ಫೋಟೋ ತೋರಿಸುವುದು. ಕಿರಂಗೂರಿನಲ್ಲಿ ಬಾಮೈದ ಕಟ್ಟಿಸಿದ್ದೋ, ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಕಣ್ಣಿಗೆ ಬಿದ್ದಿದ್ದೋ, ಅಂತೂ ಮುಂಭಾಗಕ್ಕೆಲ್ಲ ನೀಲಿ ಗಾಜು, ಮಹಡಿಗೆ ಸ್ಟೀಲಿನ ಕಂಬಿ, ನೆತ್ತಿಯ ಮೇಲೆ ಯಾವ ಉಪಯೋಗಕ್ಕೂ ಬಾರದ ಒಂದು ಕಾಂಕ್ರೀಟಿನ ಕೊಂಬು. "ಎಲಿವೇಸನ್ನು ಇಂಗೇ ಬರ್ಬೇಕು ಮೇಡಮ್ಮೋರೆ" ಎನ್ನುತ್ತಾರೆ. ಒಳಗೆ ಗಾಳಿ ಆಡುತ್ತದೋ ಇಲ್ಲವೋ, ಹಗಲಲ್ಲೂ ಲೈಟು ಹಾಕಬೇಕಾಗುತ್ತದೋ ಏನೋ, ಅದು ಅವರ ಚಿಂತೆಯಲ್ಲ. ರಸ್ತೆಯಲ್ಲಿ ಹೋಗುವ ನೆಂಟರ ಹೊಟ್ಟೆ ಉರಿದರೆ ಮನೆ ಚೆನ್ನಾಗಿ ಬಂತೆಂದೇ ಲೆಕ್ಕ.

ಆಕೆ ಆರ್ಕಿಟೆಕ್ಟ್ ಎನ್ನುವುದು ಬೋರ್ಡಿನ ಮೇಲೆ ಮಾತ್ರ. ಜನರ ಬಾಯಲ್ಲಿ ಆಕೆ ‘ಪ್ಲಾನ್ ಮೇಡಮ್ಮು’. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿಗೆ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ವರ್ಷಗಟ್ಟಲೆ ಗಾಜಿನ ಮನೆಗಳನ್ನೇ ಬರೆದುಕೊಟ್ಟಿದ್ದಳು. ಕೆ.ಆರ್. ಪೇಟೆಯಲ್ಲಿ ಅಂಗಡಿ ಸಾಲು, ಪಾಂಡವಪುರದಲ್ಲಿ ಕಂಟ್ರಾಕ್ಟರನೊಬ್ಬನ ಬಂಗಲೆ, ನಾಗಮಂಗಲದಲ್ಲಿ ಕಲ್ಯಾಣ ಮಂಟಪ. ಆ ಮಂಟಪದ ಹಣೆಯ ಮೇಲೆ ಲಾರಿ ಚಕ್ರದಷ್ಟು ದೊಡ್ಡ ಸಿಮೆಂಟಿನ ಕಮಲ ಕೂರಿಸಲೇಬೇಕೆಂದು ಮಾಲೀಕರು ಹಟ ಹಿಡಿದರು, ಕೂರಿಸಿದ್ದೂ ಆಯಿತು. ಅಂದಿನಿಂದ ನಾಗಮಂಗಲಕ್ಕೆ ಹೋಗಬೇಕಾಗಿ ಬಂದರೆ ಪ್ರಿಯಂವದಾ ಆ ರಸ್ತೆ ಬಿಟ್ಟು ಸುತ್ತಿ ಬಳಸಿ ಹೋಗುತ್ತಾಳೆ. ತಾನು ಹೆತ್ತದ್ದನ್ನು ತಾನೇ ನೋಡಲಾರದ ಸ್ಥಿತಿ.

ಭಾನುವಾರ ಮಾತ್ರ ಅವಳದು. ಅವತ್ತು ಸ್ಕೂಟರಿನಲ್ಲಿ ಅಳತೆ ಟೇಪು, ಹಾಳೆ ಇಟ್ಟುಕೊಂಡು ಈ ನಾಲ್ಕು ತಾಲ್ಲೂಕುಗಳ ಊರೂರು ಸುತ್ತಿ ಹಳೆಯ ತೊಟ್ಟಿಮನೆಗಳನ್ನು ಅಳೆಯುತ್ತಿದ್ದಳು. ಎಷ್ಟು ಅಂಕಣದ ಮನೆ, ಅಂದರೆ ಕಂಬ ಕಂಬದ ನಡುವೆ ಎಷ್ಟು ಜಾಗ, ತೊಟ್ಟಿಗೆ ಬಿಸಿಲು ಯಾವ ಹೊತ್ತಿಗೆ ಇಳಿಯುತ್ತದೆ, ಜಗಲಿಯ ಎತ್ತರವೆಷ್ಟು, ಎಲ್ಲ ಬರೆದುಕೊಂಡು ಬರುವಳು. ಮನೆಗೆ ಬಂದ ಮೇಲೆ ಬೆಂಡಿನಲ್ಲಿ ಆ ಮನೆಯ ಪುಟ್ಟ ಮಾದರಿ ಮಾಡಲು ಕೂರುವಳು. ಬೆಂಡು ಕೆತ್ತುವುದನ್ನು ಕಲಿಸಿದವಳು ತಾಯಿ ಪುಟ್ಟಲಕ್ಷ್ಮಿ. ಮದುವೆ ಮನೆಗಳಿಗೆ ಬಾಸಿಂಗ ಮಾಡಿಕೊಡುವುದು ಆ ಮನೆಯ ಹೆಂಗಸರಿಗೆ ತಲೆತಲಾಂತರದಿಂದ ಬಂದದ್ದು. ಮಗಳು ಅದೇ ಚಾಕುವಿನಲ್ಲಿ ಮನೆ ಕೆತ್ತತೊಡಗಿದಳು. ಶೋಕೇಸಿನ ತುಂಬ ಬಿಳಿ ಬಿಳಿ ಮನೆಗಳಾದವು, ಒಂದು ಆಫೀಸಿನ ಮೇಜಿಗೂ ಬಂತು.

"ಚೆನ್ನಾಗೇನೋ ಇದೆ. ಆದರೆ ನಡುಮನೆಗೆ ಆಕಾಶ ಬಿಟ್ಟುಕೊಳ್ಳೋಕೆ ಈ ಕಾಲದಲ್ಲಿ ಯಾರು ಒಪ್ತಾರೆ ಕಣೇ?" ಎನ್ನುವಳು ಪುಟ್ಟಲಕ್ಷ್ಮಿ.

ಯಾರೂ ಒಪ್ಪುತ್ತಿರಲಿಲ್ಲ. ಒಂದೇ ಒಂದು ತೊಟ್ಟಿಮನೆ, ಗಾರೆ ಗೋಡೆ, ಹೆಂಚಿನ ಇಳಿಜಾರು, ಮರದ ಹೆಬ್ಬಾಗಿಲು, ತನ್ನ ಕೈಯಿಂದ ನಿಜವಾಗಿ ಏಳಬೇಕೆನ್ನುವುದು ಪ್ರಿಯಂವದಾಳ ಆಸೆ. ಆಸೆ ಎಂದರೆ ಕಡಿಮೆಯಾಯಿತು. ನಲವತ್ತು ದಾಟಿದ ಮೇಲೆ ಅದು ಒಂದು ಬಗೆಯ ಹಸಿವಾಗಿಬಿಟ್ಟಿತ್ತು.

ಅಂಥ ಹೊತ್ತಿಗೆ ಬಂದವಳು ಅರಕೆರೆಯ ಪ್ರಮೀಳಾ. ಗಂಡ ತಿಮ್ಮರಾಜು ಡೈರಿಯಲ್ಲಿ ಹಾಲು ಅಳೆಸಿಕೊಳ್ಳುವ ಕೆಲಸದಲ್ಲಿದ್ದ, ಜೊತೆಗೆ ಗದ್ದೆ, ಕಬ್ಬು. ನಾಲೆ ರಸ್ತೆಯಲ್ಲಿ ಒಂದು ಸೈಟು ಇತ್ತು. ಅವನೂ ಮೊಬೈಲು ತೆಗೆದ. ಪ್ರಮೀಳಾ ಮಾತ್ರ ಫೋಟೋ ನೋಡದೆ ಮೇಜಿನ ಮೇಲಿದ್ದ ಬೆಂಡಿನ ಮನೆಯ ಮುಂದೆ ಬಗ್ಗಿದಳು. ತೊಟ್ಟಿಯೊಳಕ್ಕೆ ಒಂದು ಬೆರಳು ಇಳಿಬಿಟ್ಟಳು.

"ಇದ್ರಲ್ಲಿ ಯಾವ ರೂಮ್ಗೆ ಒಳಗಿಂದ ಚಿಲ್ಕ ಅದೆ ಮೇಡಮ್ಮೋರೆ?" ಎಂದು ಕೇಳಿದಳು.

ಪ್ರಿಯಂವದಾಗೆ ಆ ಪ್ರಶ್ನೆಯ ಅರ್ಥ ಅವತ್ತು ಅರ್ಧವೇ ಆಯಿತು. ಅರಕೆರೆಯ ಮನೆಗೆ ಹೋಗಿ ಬಂದ ಮೇಲೆ ಪೂರ್ತಿಯಾಯಿತು. ತಿಮ್ಮರಾಜುವಿನ ಅಣ್ಣ ಹೊನ್ನಪ್ಪನ ಸಂಸಾರ, ಅತ್ತೆ ದೊಡ್ಡತಾಯಮ್ಮ, ಬಂದು ಹೋಗುವ ನೆಂಟರು, ಎಲ್ಲ ಒಂದೇ ಮನೆ. ಪ್ರಮೀಳಾ ಮತ್ತು ತಿಮ್ಮರಾಜು ಮಲಗುವುದು ಭತ್ತದ ಮೂಟೆ, ಪಂಪಿನ ಪೈಪು, ಹಿಂಡಿ ಚೀಲ ಇಟ್ಟ ಕೋಣೆಯಲ್ಲಿ. ಅದಕ್ಕೆ ಬಾಗಿಲೇನೋ ಇದೆ, ಹಾಕುವ ಹಾಗಿಲ್ಲ. ಹಿಂಡಿಗೆಂದು ಒಬ್ಬರು, ಪೈಪಿಗೆಂದು ಒಬ್ಬರು, ಬೆಳಗಿನ ಜಾವದಿಂದ ಒಳಗೆ ಹೊರಗೆ. ಮದುವೆಯಾಗಿ ಆರು ವರ್ಷ. ಹೋದ ವರ್ಷದ ಹಿಂದಿನ ವರ್ಷ ಒಂದು ಬಸುರು ನಿಂತು ಮೂರು ತಿಂಗಳಿಗೇ ಹೋಗಿತ್ತು. ಆಗ ಸುಸ್ತೆಂದು ಮಲಗಲು ಆ ಮನೆಯಲ್ಲಿ ಅವಳಿಗೊಂದು ಮೂಲೆ ಸಿಕ್ಕಿರಲಿಲ್ಲ. ಹೊಸ ಮನೆ ಎಂದರೆ ಅವಳಿಗೆ ಕಂಬವೂ ಅಲ್ಲ, ತೊಟ್ಟಿಯೂ ಅಲ್ಲ. ತನ್ನದೆನ್ನುವ ಒಂದು ಬಾಗಿಲು.

ತೊಟ್ಟಿಮನೆಯ ಮಾತು ಕೇಳಿ ದೊಡ್ಡತಾಯಮ್ಮ ನಕ್ಕುಬಿಟ್ಟಳು. "ನಮ್ಮಪ್ಪನ ಮನೇಲಿ ಮಳೆ ಬಂದ್ರೆ ತೊಟ್ಟಿ ನೀರ ಬಳ್ದು ಬಳ್ದು ಸೊಂಟ ಬಿದ್ದೋಗಿತ್ತು. ಅದ ಬುಟ್ಟು ಬಂದು ಬದುಕ್ಕಂಡೋ. ಈಗ ಕಾಸ್ ಕೊಟ್ಟು ಅದ್ನೇ ಕಟ್ಟುಸ್ಕಳಾಕೆ ಒಂಟವ್ರಲ್ಲಾ ಇವ್ರು!" ಹೊನ್ನಪ್ಪನಂತೂ ತಮ್ಮನಿಗೆ ದಿನಕ್ಕೊಂದು ಗಾಜಿನ ಮನೆ ತೋರಿಸುತ್ತಿದ್ದ. ಆದರೆ ತಿಮ್ಮರಾಜುವಿಗೆ ಹೆಂಡತಿಯ ಮೇಲೆ ಪ್ರೀತಿಯಿತ್ತು. ಅವಳು ಏನನ್ನೂ ಕೇಳಿದವಳಲ್ಲ, ಇದೊಂದನ್ನು ಕೇಳಿದ್ದಾಳೆ ಎಂದು ಒಪ್ಪಿದ. ಒಪ್ಪುವಾಗಲೇ ಅಣ್ಣನ ಕಡೆ ನೋಡಿ, "ಒಂದ್ ಸಲ ಕೆಲ್ಸ ಏನಾರ ನಿಂತ್ರೆ, ಆಮೇಲೆ ನೀ ಯೋಳ್ದಂಗೆ ಮಾಡುಮ ಬುಡು" ಎಂದಿದ್ದ. ಆ ಮಾತು ಪ್ರಿಯಂವದಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಗುದ್ದಲಿ ಪೂಜೆಯಾಗಿ ಕೆಲಸ ಶುರುವಾದ ಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಬೇರೆ ಗಿರಾಕಿಗಳ ಫೋನು ಎತ್ತುವುದನ್ನೇ ಬಿಟ್ಟಳು. ಸುಣ್ಣದ ಗುಂಡಿಯ ಹತ್ತಿರ ನಿಂತು ಗಾರೆಗೆ ಬೆಲ್ಲದ ನೀರು ಎಷ್ಟು, ಅಳಲೆಕಾಯಿ ಎಷ್ಟು ಎಂದು ಮೇಸ್ತ್ರಿ ಮಂಚಯ್ಯನ ಪ್ರಾಣ ತಿನ್ನುತ್ತಿದ್ದಳು. ಹೆಬ್ಬಾಗಿಲಿಗೆ ಹೊನ್ನೆ ಮರ ಹುಡುಕಿಸಿ, ಪಾಂಡವಪುರದ ಒಂದು ಹಳೆಯ ಮನೆಯಲ್ಲಿ ಕಂಡಿದ್ದ ಬಳ್ಳಿಯ ಕೆತ್ತನೆಯನ್ನು ತಾನೇ ಬರೆದುಕೊಟ್ಟು ಮಾಡಿಸಿದಳು. ಬಾಗಿಲವಾಡ ಸಿದ್ಧವಾಗಿ ಬಂದ ದಿನ ಅದರ ಮೇಲೆ ಕೈಯಾಡಿಸುತ್ತ ನಿಂತಿದ್ದವಳನ್ನು ನೋಡಿ ಮಂಚಯ್ಯ, "ಮೇಡಮ್ಮೋರೆ, ಮನೆ ತಿಮ್ಮರಾಜಂದಾ, ನಿಮ್ದಾ?" ಎಂದು ಕಿಚಾಯಿಸಿದ. ಅವಳಿಗೆ ಅದು ಹೊಗಳಿಕೆಯಂತೆ ಕೇಳಿಸಿತು.

ತಳಪಾಯ ಮುಗಿದು ಅದರ ಮೇಲೆ ಕಾಂಕ್ರೀಟಿನ ಪಟ್ಟಿ ಹಾಕಿದ ವಾರ, ಆಳುಗಳು ಊಟಕ್ಕೆ ಕೂತಿದ್ದಾಗ, ಪ್ರಮೀಳಾ ಅವಳನ್ನು ಸುಣ್ಣದ ಗುಂಡಿಯ ಆಚೆ ಕರೆದಳು.

"ಮೇಡಮ್ಮೋರೆ, ತಿಂಗ್ಳು ನಿಂತದೆ."

ಪ್ರಿಯಂವದಾ ಮೊದಲು ಸಂತೋಷಪಟ್ಟಳು, ಅದು ಸುಳ್ಳಲ್ಲ. ಪ್ರಮೀಳಾಳ ಮುಖದಲ್ಲಿ ಸಂತೋಷವಿರಲಿಲ್ಲ.

"ಯಾರ್ಗೂ ಯೋಳಿಲ್ಲ. ಅವ್ರಿಗೂ ಯೋಳಿಲ್ಲ. ಬಸ್ರಿ ಎಂಗ್ಸು ಇರೋ ಮನೇಲಿ ಬಾಗ್ಲು ಇಡಂಗಿಲ್ವಲ್ಲಾ. ಯೋಳ್ಬುಟ್ರೆ ಕೆಲ್ಸ ನಿಲ್ಲಿಸ್ಬುಡ್ತಾರೆ. ಎರಿಗೆ ಆಗಿ, ಬಾಣಂತನ ಮುಗ್ದು, ಅಷ್ಟೊತ್ಗೆ ಒಂದೂವರೆ ವರ್ಸ. ಮಗಾನ ಆ ಹಿಂಡಿ ಚೀಲದ ಪಕ್ದಲ್ಲೇ ಮಲಗುಸ್ಬೇಕು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. "ಯೋಳ್ದೆ ಇರಾಕೂ ಬಯ ಆಯ್ತದೆ. ಆ ಸಲ ಅಂಗಾಯ್ತಲ್ಲ. ನೀವು ಓದ್ದೋರು. ಬಾಗ್ಲು ಇಟ್ರೆ ಏನಾರ ಆಯ್ತದಾ?"

ಇಡೀ ಸೀಮೆಗೆ ಗೊತ್ತಿರುವ ಕಟ್ಟಳೆ ಅದು. ಮನೆಯೊಡತಿ ಬಸುರಿಯಾಗಿದ್ದರೆ ಗುದ್ದಲಿ ಹಾಕಬಾರದು, ಬಾಗಿಲು ನಿಲ್ಲಿಸಬಾರದು. ಪ್ರಿಯಂವದಾ ಇದರಿಂದ ಅರ್ಧಕ್ಕೆ ನಿಂತ ಎಷ್ಟೋ ಮನೆಗಳನ್ನು ಕಂಡವಳು, ನಕ್ಕು ಸುಮ್ಮನಾದವಳು. ಈಗ ನಗು ಬರಲಿಲ್ಲ. ಅವಳ ಕಣ್ಣೆದುರು ಬಂದದ್ದು ನಿಂತುಹೋದ ಗೋಡೆಗಳು, ಅದರ ಮುಂದೆ ಮೊಬೈಲು ಹಿಡಿದು ನಿಂತ ಹೊನ್ನಪ್ಪ, ತನ್ನ ತೊಟ್ಟಿಯ ಮೇಲೆ ಬೀಳುವ ಕಾಂಕ್ರೀಟು. ಎದುರಿಗೆ ನಿಂತಿದ್ದ ಹೆಂಗಸು ಒಂದು ಗಳಿಗೆ ಕಾಣಿಸಲೇ ಇಲ್ಲ.

"ಏನೂ ಆಗಲ್ಲ" ಎಂದಳು. "ಬಾಗಿಲಿಗೂ ಬಸುರಿಗೂ ಏನು ಸಂಬಂಧ ಪ್ರಮೀಳಾ? ಬಾಗಿಲು ಇಡೋ ತನಕ ಯಾರಿಗೂ ಹೇಳಬೇಡ. ಆಮೇಲೆ ಹೇಳು. ಆಗ ಯಾರೂ ಕೆಲಸ ನಿಲ್ಲಿಸೋಕೆ ಆಗಲ್ಲ."

ಹೇಳಿದ್ದರಲ್ಲಿ ತಪ್ಪೇನಿತ್ತು? ಬಾಗಿಲಿಗೂ ಬಸುರಿಗೂ ಸಂಬಂಧವಿಲ್ಲ, ದಿಟ. ಆದರೆ ಆ ಮಾತನ್ನು ಯಾರಿಗಾಗಿ ಹೇಳಿದಳು ಎನ್ನುವುದು ಬೇರೆ ವಿಷಯ. ಅದು ಅವಳಿಗೂ ಆ ಕ್ಷಣ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇದ್ದುಬಿಟ್ಟಳು. ಅಷ್ಟಕ್ಕೇ ಬಿಡದೆ, ಆಷಾಢ ಹಿಡಿದುಬಿಟ್ಟರೆ ಶ್ರಾವಣದವರೆಗೆ ಕಾಯಬೇಕಾಗುತ್ತದೆಂದು ತಿಮ್ಮರಾಜುವಿನ ತಲೆಗೆ ತುಂಬಿ, ತಾಯಿಗೆ ಪರಿಚಯದ ಜೋಯಿಸರಿಂದ ಹತ್ತಿರದ ಶುಕ್ರವಾರವೇ ಮುಹೂರ್ತ ಬರೆಸಿಕೊಟ್ಟಳು.

ಗುಟ್ಟು ಕಾಯುವುದೆಂದರೆ ಬಾಯಿ ಮುಚ್ಚಿಕೊಂಡರೆ ಸಾಲದು. ಬಸುರಿಯಲ್ಲದವಳ ಹಾಗೆ ಬದುಕಬೇಕು. ಪ್ರಮೀಳಾ ಎಂದಿನಂತೆ ಹುಲ್ಲಿನ ಹೊರೆ ಹೊತ್ತಳು, ಹಂಡೆ ಎತ್ತಿದಳು, ಓಕರಿಕೆ ಬಂದರೆ ಕೊಟ್ಟಿಗೆಯ ಹಿಂದೆ ಹೋಗಿ ಬಂದಳು. ಡಾಕ್ಟರ ಹತ್ತಿರ ಹೋಗುವಂತಿರಲಿಲ್ಲ. ಅರಕೆರೆಯಿಂದ ಬಸ್ಸು ಹತ್ತಿದರೆ ಯಾಕೆಂದು ಕೇಳಲು ಹತ್ತು ಜನ. ಇದೆಲ್ಲ ಪ್ರಿಯಂವದಾಳ ತಲೆಗೆ ಬರಲೇ ಇಲ್ಲ. ಅವಳು ಬಾಗಿಲಿನ ಚಿಲಕಕ್ಕೆ ಹಿತ್ತಾಳೆ ಹುಡುಕುತ್ತಿದ್ದಳು.

ಬುಧವಾರ ಸಂಜೆ ಪ್ರಮೀಳಾಳ ಫೋನು ಬಂತು. ದನಿ ಎಲ್ಲೋ ಕಬ್ಬಿನ ಗದ್ದೆಯ ಒಳಗಿಂದ ಮಾತಾಡಿದಂತೆ ಸಣ್ಣಗಿತ್ತು.

"ಮೇಡಮ್ಮೋರೆ, ಬೆಳಗ್ಗಿಂದ ಒಸಿ ಕಲೆ ಕಾಣುಸ್ತಾ ಅದೆ."

"ಹೊಟ್ಟೆನೋವು ಇದೆಯಾ?"

"ಇಲ್ಲ. ಸೊಂಟ ಒಂಚೂರು."

ಪ್ರಿಯಂವದಾ ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು. ಶುಕ್ರವಾರಕ್ಕೆ ನಡುವೆ ಒಂದೇ ದಿನ. ಈಗ ಆಸ್ಪತ್ರೆಗೆ ಹೋದರೆ ಎಲ್ಲರಿಗೂ ತಿಳಿಯುತ್ತದೆ, ಬಾಗಿಲು ನಿಲ್ಲುತ್ತದೆ.

"ನೋವಿಲ್ಲ ಅಂದರೆ ಗಾಬರಿಯಾಗಬೇಡ. ಎಷ್ಟೋ ಜನಕ್ಕೆ ಹೀಗೆ ಆಗುತ್ತೆ. ಶುಕ್ರವಾರ ಒಂದು ಮುಗಿದುಬಿಡಲಿ. ಶನಿವಾರ ಬೆಳಿಗ್ಗೆ ಕಾರು ಮಾಡಿಕೊಂಡು ನಾನೇ ಬರ್ತೀನಿ, ಮಂಡ್ಯಕ್ಕೆ ಕರೆದುಕೊಂಡು ಹೋಗ್ತೀನಿ. ಭಾರ ಎತ್ತಬೇಡ, ಅಷ್ಟೇ."

"ಆಯ್ತು" ಎಂದಳು ಪ್ರಮೀಳಾ. ಸ್ವಲ್ಪ ಹೊತ್ತು ಫೋನು ಇಡಲಿಲ್ಲ. ಇನ್ನೊಂದು ಮಾತಿಗೆ ಕಾಯುತ್ತಿದ್ದಳೇನೋ. ಪ್ರಿಯಂವದಾಳೇ ಫೋನು ಇಟ್ಟಳು.

ಎಷ್ಟೋ ಜನಕ್ಕೆ ಹೀಗೆ ಆಗುತ್ತದೆಂದು ಹೇಳಲು ಇವಳೇನು ಡಾಕ್ಟರೇ, ಸೂಲಗಿತ್ತಿಯೇ? ಇಟ್ಟಿಗೆ, ಸುಣ್ಣ, ಮರ ಬಲ್ಲವಳು. ಓದಿದವಳ ಮಾತೆಂದು ಆ ಹೆಣ್ಣು ನಂಬಿತು. ಓದಿದವರ ಬಾಯಲ್ಲಿ ಬಂದರೆ ಊಹೆಗೂ ಒಂದು ತೂಕ ಬಂದುಬಿಡುತ್ತದೆ, ಹಾಳಾದ್ದು.

ಶುಕ್ರವಾರ ನಾಲೆಯ ಏರಿಯ ಮೇಲಿಂದ ವಾಲಗ ಬಂತು. ನಾಲೆಯಲ್ಲಿ ಅಷ್ಟಿಷ್ಟು ನೀರಿತ್ತು. ಗಂಗೆ ತರುವುದು ಮನೆಯೊಡತಿಯ ಕೆಲಸ. ಪ್ರಮೀಳಾ ಹೊಸ ಹಸಿರು ಸೀರೆಯುಟ್ಟು ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಏರಿ ಹತ್ತಿ ಬಂದಳು. ಪ್ರಿಯಂವದಾ ಹೋಗಿ ಬಿಂದಿಗೆಗೆ ಕೈ ಕೊಡಬೇಕೆಂದುಕೊಂಡಳು. ಯಾರಾದರೂ ಏಕೆಂದು ಕೇಳಿಯಾರೆಂದು ಸುಮ್ಮನೆ ನಿಂತಳು. ಹೊನ್ನೆಯ ಬಾಗಿಲವಾಡಕ್ಕೆ ಅರಿಸಿನ ಬಳಿದರು, ಮಾವಿನ ಸೊಪ್ಪು ಕಟ್ಟಿದರು, ಹೊಸಿಲಿನ ಕೆಳಗೆ ನವರತ್ನದ ಪೊಟ್ಟಣ ಇಟ್ಟರು. ಗಂಡಹೆಂಡಿರು ಎರಡು ಕಡೆ ಹಿಡಿದರು. ಮಂಚಯ್ಯ, ಅವನ ಆಳುಗಳು ಎತ್ತಿ ನಿಲ್ಲಿಸಿದರು. ಬಳ್ಳಿಯ ಕೆತ್ತನೆಯ ಮೇಲೆ ಬಿಸಿಲು ಬಿತ್ತು. ಅಷ್ಟು ವರ್ಷ ಬೆಂಡಿನಲ್ಲಿ ಕೆತ್ತಿದ್ದು ಮರವಾಗಿ ನಿಂತಿತ್ತು. ಪ್ರಿಯಂವದಾಳ ಕಣ್ಣು ತುಂಬಿತು. ಬಲಗಡೆ ಹಿಡಿದಿದ್ದ ಪ್ರಮೀಳಾ ಬಾಗಿಲವಾಡಕ್ಕೆ ಒರಗಿ ನಿಂತದ್ದು ಕಂಡರೂ ಕಾಣದ ಹಾಗಾಯಿತು.

ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದ ಪ್ರಮೀಳಾ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು ಸಿಮೆಂಟು ಮೂಟೆಗಳ ಹಿಂದಕ್ಕೆ ನಡೆದಳು. ಹೋಗುವಾಗ ಅವಳ ಸೀರೆಯ ಹಿಂಭಾಗ ಕಂಡಿತು. ಪ್ರಿಯಂವದಾ ಎಲೆಯ ಮುಂದಿನಿಂದ ಎದ್ದು ಓಡಿದಳು. ಅಷ್ಟರಲ್ಲಿ ದೊಡ್ಡತಾಯಮ್ಮನೂ ನೋಡಿಬಿಟ್ಟಿದ್ದಳು.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲರೆದುರೇ ಗದರಿದರು. "ಕಲೆ ಕಾಣಿಸಿದ್ದು ಯಾವತ್ತಮ್ಮ? ಬುಧವಾರಾನಾ? ಅವತ್ತೇ ಯಾಕೆ ಬರಲಿಲ್ಲ? ಮಲಗಿಸಿ ನೋಡಬಹುದಿತ್ತು. ಉಳೀತಿತ್ತು ಅಂತ ನಾನು ಹೇಳಲ್ಲ. ಪ್ರಯತ್ನಾನಾದರೂ ಮಾಡಬಹುದಿತ್ತು." ಪ್ರಮೀಳಾ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಪ್ರಿಯಂವದಾ ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದಳು. ಹೇಳುವುದಾಗಿದ್ದರೆ ಅಲ್ಲೇ ಹೇಳಬೇಕಿತ್ತು. ಹೆದರಿದಳು, ಅಷ್ಟೇ.

ಮನೆಗೆ ಬಂದಾಗ ಪುಟ್ಟಲಕ್ಷ್ಮಿಗೆ ಸುದ್ದಿ ಮುಟ್ಟಿಯಾಗಿತ್ತು. ಬಾಸಿಂಗಕ್ಕೆ ಬೆಂಡು ಸೀಳುತ್ತ ಕೂತಿದ್ದವಳು ತಲೆಯೆತ್ತದೆ ಕೇಳಿದಳು: "ಪಾಪ, ಆ ಹುಡುಗಿ ಯಾರಿಗೂ ಹೇಳಿರಲಿಲ್ಲವಂತೆ. ನಿನಗಾದರೂ ಗೊತ್ತಿತ್ತೇನೇ?"

"ಇಲ್ಲ" ಎಂದಳು ಪ್ರಿಯಂವದಾ.

ತಾಯಿ ಬೆಂಡು ಸೀಳುವುದನ್ನು ಮುಂದುವರಿಸಿದಳು. ಅವತ್ತಿನಿಂದ ಮಗಳಿಗೆ ಚಾಕು ಕೈಗೆತ್ತಿಕೊಳ್ಳಲು ಆಗಲಿಲ್ಲ. ಶೋಕೇಸಿನ ಬಿಳಿ ಮನೆಗಳ ಮುಂದೆ ಹಾಯುವಾಗ ಮುಖ ತಿರುಗಿಸಿಕೊಂಡು ಹೋಗತೊಡಗಿದಳು.

ಕೆಲವು ದಿನಗಳ ಮೇಲೆ ತಿಮ್ಮರಾಜು, ಹೊನ್ನಪ್ಪ ಇಬ್ಬರೂ ಆಫೀಸಿಗೆ ಬಂದರು. ತಿಮ್ಮರಾಜು ಗಡ್ಡ ಬಿಟ್ಟಿದ್ದ. ಮಾತಾಡಿದವನು ಹೊನ್ನಪ್ಪ.

"ಮೇಡಮ್ಮೋರೆ, ಆ ಬಾಗ್ಲ ಕೀಳುಸ್ಬುಡುದು ಅಂತ ಆಗದೆ. ತೊಟ್ಟಿ ಮುಚ್ಬುಟ್ಟು ಮ್ಯಾಲೆ ಆರ್‌ಸಿಸಿ. ಆ ಮನೇಗೆ ನಾವ್ ಓಯ್ತೀವಿ. ಇವ್ರು ಹಳೇ ಮನೇಲೇ ಇರ್ಲಿ ಅಂದವ್ಳೆ ಅವ್ವ. ಆ ಜಾಗ ಆ ಎಂಗ್ಸಿಗೆ ಒಗ್ಗಕ್ಕಿಲ್ಲ." ಮೊಬೈಲು ತೆಗೆದು ಮೇಜಿನ ಮೇಲಿಟ್ಟ. ನೀಲಿ ಗಾಜು, ಸ್ಟೀಲಿನ ಕಂಬಿ.

"ಪ್ರಮೀಳಾ ಹೇಗಿದ್ದಾಳೆ?" ಎಂದು ಪ್ರಿಯಂವದಾ ತಿಮ್ಮರಾಜುವನ್ನು ಕೇಳಿದಳು.

"ಅವ್ಳೆ" ಎಂದ. "ಅವ್ವ ಮಾತಾಡ್ಸಕ್ಕಿಲ್ಲ. ಮನೆ ಆಸೆಗೆ ಮಗಾನ ತಿಂದವ್ಳು ಅಂತಾವ್ಳೆ. ನಾನು ಅಂಗನ್ನಕ್ಕಿಲ್ಲ ಮೇಡಮ್ಮೋರೆ. ಆದ್ರೆ ನಂಗಾರ ಯೋಳ್ಬೈದಿತ್ತಲ್ವಾ? ಪಕ್ದಲ್ಲೇ ಮಲ್ಗಿದ್ನಲ್ಲ. ಲೋಕದ್ ಮ್ಯಾಲೆ ಒಬ್ರಿಗೂ ಯೋಳ್ದೆ ಎಂಗಿದ್ಲು?"

ಒಬ್ಬರಿಗೆ ಹೇಳಿದ್ದಳು. ಆ ಒಬ್ಬರು ಅವನೆದುರಿಗೇ ಕುರ್ಚಿಯಲ್ಲಿ ಕೂತು, "ಆಯ್ತು, ಪ್ಲಾನ್ ಬರೆದುಕೊಡ್ತೀನಿ" ಎಂದರು.

ಬರೆದಳೂ ಕೂಡ. ಒಂದು ಬೆಳಗಿನಲ್ಲಿ ತೊಟ್ಟಿ ಮುಚ್ಚಿತು, ಜಗಲಿ ಹೋಯಿತು, ಮುಂಭಾಗಕ್ಕೆ ಗಾಜು ಬಂತು. ಕೈ ಒಂದು ಸಲವೂ ತಡವರಿಸಲಿಲ್ಲ. ಅದನ್ನು ನೋಡಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇಷ್ಟು ಸುಲಭವಾಗಿ ಬಿಟ್ಟುಕೊಡಬಹುದಾಗಿದ್ದ ಮನೆಗಾಗಿಯೇ ಆ ಬುಧವಾರ ಹಾಗೆ ಹೇಳಿದ್ದು? ತೊಟ್ಟಿ ಹೋದರೆ ಹೋಗಲಿ. ಆ ಮನೆಯಾದರೂ ಪ್ರಮೀಳಾಳಿಗೆ ಉಳಿಯಬೇಕು. ನಿಜ ಹೇಳಿದರೆ ಉಳಿಯುತ್ತದೆ. ಮುಚ್ಚಿಡೆಂದು ಹೇಳಿಕೊಟ್ಟವಳು ತಾನು, ಆಸ್ಪತ್ರೆಗೆ ಹೋಗಬೇಡವೆಂದು ತಡೆದವಳು ತಾನು ಎಂದು ತಿಳಿದರೆ, ಬೈಗುಳ ಇತ್ತ ತಿರುಗುತ್ತದೆ, ಸೊಸೆಯನ್ನು ಬಿಟ್ಟುಬಿಡುತ್ತಾರೆ. ಇದು ಮೊದಲೇ ಮಾಡಬೇಕಾಗಿದ್ದ ಕೆಲಸ, ಈಗಲಾದರೂ ಆಗಲಿ ಎಂದು ಪ್ಲಾನನ್ನು ಅಲ್ಲೇ ಬಿಟ್ಟು ಅರಕೆರೆಗೆ ಹೊರಟಳು.

ದೊಡ್ಡತಾಯಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ತಿಮ್ಮರಾಜು ಡೈರಿಯಿಂದ ಆಗತಾನೇ ಬಂದಿದ್ದ. ಪ್ರಿಯಂವದಾ ಕೂರಲಿಲ್ಲ. ನಿಂತೇ ಹೇಳಿದಳು, ಒಂದನ್ನೂ ಬಿಡದೆ. ಸುಣ್ಣದ ಗುಂಡಿಯ ಹತ್ತಿರ ಆದ ಮಾತು, ಅವಸರದಲ್ಲಿ ಮುಹೂರ್ತ ಬರೆಸಿದ್ದು, ಬುಧವಾರದ ಫೋನು. "ಅವಳದೇನೂ ತಪ್ಪಿಲ್ಲಮ್ಮ. ಅವಳು ಹೆದರಿದ್ದಳು. ಏನೂ ಆಗಲ್ಲ ಅಂದವಳು ನಾನು. ನನ್ನ ಮಾತು ಕೇಳಿ ಹೀಗಾಯ್ತು. ಮನೆ ಅವಳಿಂದ ಕಿತ್ತುಕೊಳ್ಳಬೇಡಿ."

ಮೊರ ನಿಂತಿತು.

"ಅಮ್ಮಿ, ಬಾ ಇಲ್ಲಿ" ಎಂದು ದೊಡ್ಡತಾಯಮ್ಮ ಒಳಕ್ಕೆ ಕೂಗಿದಳು. ಆಸ್ಪತ್ರೆಯಿಂದ ಬಂದ ಮೇಲೆ ಸೊಸೆಯನ್ನು ಕರೆದದ್ದು ಅದೇ ಮೊದಲು. ಪ್ರಮೀಳಾ ಬಂದು ಬಾಗಿಲ ಪಕ್ಕ ನಿಂತಳು. ಬಡವಾಗಿದ್ದಳು. "ಮೇಡಮ್ಮೋರು ಇಂಗಂತಾವ್ರೆ. ನಿಂಗೆ ಮುಚ್ಚಿಡು ಅಂದೋರು ಅವ್ರಂತೆ. ದಿಟವಾ?"

ಪ್ರಮೀಳಾ ಪ್ರಿಯಂವದಾಳ ಕಡೆ ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಚೆನ್ನಾಗಿತ್ತು.

"ಇಲ್ಲ ಕಣತ್ತೆ. ಅವ್ರಿಗೇನೂ ಗೊತ್ತಿರ್ನಿಲ್ಲ. ನಾನೇ ಮುಚ್ಚಿಟ್ಕಂಡಿದ್ದು."

"ಪ್ರಮೀಳಾ! ಬುಧವಾರ ನೀನು ಫೋನ್ ಮಾಡಿರಲಿಲ್ಲವಾ ನನಗೆ?"

"ಮಾಡಿದ್ದೆ. ಶುಕ್ರವಾರ ಊಟಕ್ಕೆ ನಿಮ್ ತಾಯೋರ್ನೂ ಕರ್ಕಬನ್ನಿ ಅಂತ ಯೋಳಾಕೆ."

ತಿಮ್ಮರಾಜು ತಲೆ ತಗ್ಗಿಸಿದ. ದೊಡ್ಡತಾಯಮ್ಮ ಮೊರ ಬದಿಗಿಟ್ಟು ಎದ್ದು ಬಂದು ಪ್ರಿಯಂವದಾಳ ಎರಡೂ ಕೈ ಹಿಡಿದುಕೊಂಡಳು. ಮುದುಕಿಯ ಕಣ್ಣಲ್ಲಿ ನೀರಿತ್ತು. "ಎಂಥಾ ಮನ್ಸು ತಾಯಿ ನಿಮ್ದು! ನಮ್ಮನೇ ಎಣ್ಣಿನ ತಪ್ಪ ನಿಮ್ ತಲೆ ಮ್ಯಾಲೆ ಒತ್ಕಳಾಕೆ ಅಲ್ಲಿಂದ ಇಲ್ಲೀಗಂಟ ಬಂದಿದ್ದೀರಲ್ಲ. ಒಡ್ಹುಟ್ಟಿದೋರೂ ಇಂಗೆ ಮಾಡಕ್ಕಿಲ್ಲ."

"ಅಯ್ಯೋ, ಅಲ್ಲಮ್ಮ, ನಾನು ಹೇಳ್ತಿರೋದು ನಿಜ..."

"ಬುಡಿ ಬುಡಿ, ನಂಗೊತ್ತಾಯ್ತದೆ. ಬರಿಗೈಲಿ ಕಳಿಸ್ಬಾರ್ದು, ಒಂದ್ ಕಾಯಿ ತತ್ತೀನಿ ಇರಿ" ಎಂದು ಒಳಗೆ ಹೋದಳು. ತಿಮ್ಮರಾಜು ಕೈಮುಗಿದು ಕೊಟ್ಟಿಗೆಯ ಕಡೆ ನಡೆದ. ಜಗಲಿಯ ಮೇಲೆ ಇಬ್ಬರೇ ಉಳಿದರು.

"ಯಾಕೆ ಪ್ರಮೀಳಾ? ಒಪ್ಪಿಕೊಂಡಿದ್ದರೆ ಮನೆ ನಿನಗೇ ಉಳೀತಿತ್ತಲ್ಲ."

"ಅದ್ಕೇ ಒಪ್ನಿಲ್ಲ" ಎಂದಳು ಪ್ರಮೀಳಾ. ದನಿ ಏರಿಸಲಿಲ್ಲ. "ಆ ಬಾಗ್ಲು ದಾಟಾಕೆ ನಂಗೆ ಕಾಲು ಬರಕ್ಕಿಲ್ಲ ಮೇಡಮ್ಮೋರೆ. ಅದ್ನ ಕಿತ್ತಾಕುದ್ರೂ ಬರಕ್ಕಿಲ್ಲ. ತಗಳ್ಲಿ ಅವ್ರೇ."

"ನಾನು ಅವತ್ತು..."

"ನೀವು ಮನೆಗೋಸ್ಕರ ಯೋಳುದ್ರಿ. ನಂಗೆ ಅಲ್ಲೇ ಗೊತ್ತಾಯ್ತು, ನಿಮ್ಮ ಮುಖ ನೋಡ್ದಾಗ್ಲೇ. ಏನೂ ಆಗಕ್ಕಿಲ್ಲ ಅಂತ ಯಾರಾರ ಅನ್ಲಿ ಅಂತ ಕಾಯ್ತಿದ್ದೆ. ನೀವಂದ್ರಿ. ನಾನು ಕೇಳ್ಕಂಡೆ." ಚೆಲ್ಲಿದ್ದ ಹುರುಳಿಯನ್ನು ಮೊರಕ್ಕೆ ಹಾಕುತ್ತ ಹೇಳಿದಳು: "ಬುದ್ವಾರ ಮಾತ್ರ, ಬಾ ಓಗುಮ ಅಂತೀರ ಅಂತ ಅನ್ಕಂಡಿದ್ದೆ."

ಕ್ಷಮಿಸು ಎನ್ನುವ ಮಾತು ಪ್ರಿಯಂವದಾಳ ನಾಲಿಗೆಯ ಮೇಲೆ ಬಂದಿತ್ತು. ಈ ಹುಡುಗಿಯ ಮುಂದೆ ಅದು ಇನ್ನೊಂದು ಬೇಡಿಕೆಯಾದೀತೆಂದು ಆ ಮಾತನ್ನು ನುಂಗಿಕೊಂಡಳು.

ದೊಡ್ಡತಾಯಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ಕಾಯಿ, ರವಿಕೆ ಕಣ, ಅರಿಸಿನ ಕುಂಕುಮ ಜೋಡಿಸಿಕೊಂಡು ಬಂದು ಸೊಸೆಯ ಕೈಗೆ ಕೊಟ್ಟಳು. "ಕುಂಕುಮ ಇಡು. ಸೆರಗಿಗಾಕು" ಎಂದಳು. ಪ್ರಮೀಳಾ ಹಣೆಗೆ ಕುಂಕುಮವಿಟ್ಟಳು. ಬೆರಳು ತಣ್ಣಗಿತ್ತು. ಪ್ರಿಯಂವದಾ ಸೆರಗು ಒಡ್ಡಿದಳು, ಬೇರೇನು ಮಾಡಲೂ ತೋಚದೆ. ಕಾಯಿ ಬಿತ್ತು, ಎಲೆ ಅಡಿಕೆ ಬಿತ್ತು.

"ಸುಮ್ನೆ ನಿಂತಿದ್ದೀಯಲ್ಲ" ಎಂದಳು ದೊಡ್ಡತಾಯಮ್ಮ. "ನಿನ್ ಪಾಪ ಒತ್ಕಳಾಕೆ ಬಂದವ್ರೆ ಪುಣ್ಯಾತ್ಗಿತ್ತಿ. ಕಾಲಿಗ್ ಬೀಳು."

"ಬೇಡ, ಬೇಡಮ್ಮ" ಎಂದು ಪ್ರಿಯಂವದಾ ಹಿಂದಕ್ಕೆ ಸರಿದಳು. ಬೆನ್ನಿಗೆ ಗೋಡೆ ತಗುಲಿತು. ಸೆರಗಿನಲ್ಲಿ ಕಾಯಿ ಇದ್ದುದರಿಂದ ಕೈ ಚಾಚಿ ತಡೆಯಲಾಗಲಿಲ್ಲ. ಪ್ರಮೀಳಾ ತಟ್ಟೆಯನ್ನು ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಮೆಲ್ಲಗೆ ಬಗ್ಗಿ, ಅವಳ ಎರಡೂ ಪಾದಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.